ಜಾಲಿ ಕಡಿದ ಗುಡ್ಡದಲ್ಲಿ ಒಂದು ಶನಿವಾರ

ಜುಲೈ ಕೊನೆಯ ಶನಿವಾರ ಬೆಳಗಿನ ಐದೂಕಾಲಿಗೆ ನಮ್ಮ ವ್ಯಾನು ದೆಹಲಿಯ ಪೀತಮ್‌ಪುರ ಬಿಟ್ಟಿತು. ಹಿಂದಿನ ಸೀಟು ಕಳಚಿದ ಜಾಗದಲ್ಲಿ ಬಟ್ಟೆ ಸುತ್ತಿದ ಐನೂರು ಇಡ್ಲಿ, ಎರಡು ಕ್ಯಾನು ಸಾಂಬಾರು, ಐಸಿನ ಪೆಟ್ಟಿಗೆಯಲ್ಲಿ ಚಟ್ನಿ, ಮಧ್ಯಾಹ್ನದ ಪುಳಿಯೋಗರೆಗೆ ಗೊಜ್ಜು, ಮೊಸರಿನ ಡಬ್ಬಿಗಳು, ಗ್ಯಾಸ್ ಒಲೆ. ಇವುಗಳ ನಡುವೆ, ಸಾಂಬಾರಿನ ಕ್ಯಾನು ಅಲ್ಲಾಡದಂತೆ ಕಾಲು ಅಡ್ಡ ಕೊಟ್ಟು ಕೂತವರು ನಮ್ಮ ಹೋಟೆಲಿನ ಅಡುಗೆಯ ಗಣಪಯ್ಯ. ಬೈಂದೂರಿನ ಕಡೆಯವರು, ನಮ್ಮಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾರೆ. ಮುಂದೆ ಡ್ರೈವರ್ ಯಶ್‌ಪಾಲ್, ಅವನ ಪಕ್ಕ ನಾನು.

ಹೋಗಬೇಕಾಗಿದ್ದದ್ದು ನಲವತ್ತೈದು ಕಿಲೋಮೀಟರು. ಇದನ್ನೂ ಪ್ರವಾಸ ಅನ್ನುತ್ತಾರೆಯೇ ಎಂದು ಊರಿನವರು ನಗಬಹುದು. ಆದರೆ ಮದುವೆಯಾಗಿ ಕುಂದಾಪುರದಿಂದ ಇಲ್ಲಿಗೆ ಬಂದ ಮೇಲೆ ನಾನು ಕಂಡ ದೆಹಲಿ ಎಂದರೆ ಹೋಟೆಲು, ತರಕಾರಿ ಮಂಡಿ, ಮಗಳ ಶಾಲೆ, ವರ್ಷಕ್ಕೊಮ್ಮೆ ಊರಿಗೆ ಹೋಗುವ ರೈಲು ನಿಲ್ದಾಣ. ಹೊರಗಿನ ಊಟದ ಆರ್ಡರು ಬಂದರೆ ವ್ಯಾನಿನಲ್ಲಿ ಹೋಗುವವರು ಯಾವತ್ತೂ ನನ್ನ ಗಂಡ. ಆ ವಾರ ಅವರ ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು. "ನಾನೇ ಹೋಗ್ತೇನೆ" ಅಂದೆ. ಅವರಿಗೆ ಆಶ್ಚರ್ಯವಾಯಿತು, ಆದರೆ ಕಾರಣ ಗೊತ್ತಿತ್ತು. ಆ ದಿನದ ಆರ್ಡರು ನಮ್ಮ ಮಗಳು ಸ್ಮಿತಾಳ ಕಂಪನಿಯದು. ಅವಳು ಏಳು ವರ್ಷದಿಂದ ಏನು ಕೆಲಸ ಮಾಡುತ್ತಾಳೆ ಎಂಬುದನ್ನು ನಾನು ಕಣ್ಣಾರೆ ಕಂಡಿರಲಿಲ್ಲ.

ಕೇಳಿದವರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ದೊಡ್ಡ ಕಂಪನಿ, ನೋಯ್ಡಾದಲ್ಲಿ ಆಫೀಸು, ಆಫೀಸಿನ ಜನರನ್ನು ಶನಿವಾರ ಕರೆದುಕೊಂಡು ಹೋಗಿ ಗಿಡ ನೆಡಿಸುವ ವಿಭಾಗ ಅವಳದು. ಅವಳು ಇರುವುದು ಇಂದಿರಾಪುರಂನ ಹದಿನಾಲ್ಕನೇ ಮಹಡಿಯಲ್ಲಿ, ಒಬ್ಬಳೇ. ತಿಂಗಳಿಗೊಮ್ಮೆ ಮನೆಗೆ ಬಂದಾಗ ಅವಳ ಬಾಯಲ್ಲಿ ಗುಡ್ಡದ ಮಾತೇ. ಅರಾವಳಿಯ ಒಂದು ತುಂಡು ಗುಡ್ಡವನ್ನು ಅವಳ ಕಂಪನಿ ನೋಡಿಕೊಳ್ಳಲು ತೆಗೆದುಕೊಂಡಿತ್ತು. ಅಲ್ಲಿ ಬೆಳೆದು ನಿಂತಿರುವ ವಿಲಾಯ್ತಿ ಕೀಕರ್ ಎಂಬ ಹೊರಗಿನ ಮುಳ್ಳುಮರ ಕಿತ್ತು, ಮೊದಲು ಅಲ್ಲಿದ್ದ ಕಾಡನ್ನು ಮತ್ತೆ ತರಬೇಕು ಎಂಬುದು ಅವಳ ಹಟ. ಆ ಗುಡ್ಡವನ್ನು ಹುಡುಕಿದವಳೂ ಅವಳೇ, ಕಂಪನಿಯವರನ್ನು ಒಪ್ಪಿಸಿದವಳೂ ಅವಳೇ. "ಅಮ್ಮ, ಈ ಸ್ಯಾಟರ್ಡೇ ಸಿಂಗಾಪುರದಿಂದ ಡೈರೆಕ್ಟರ್ ಬರ್ತಿದ್ದಾರೆ. ಅವರಿಗೆ ಹಿಡಿಸಿದ್ರೆ ಇನ್ನೂ ಐದು ವರ್ಷ ಸಿಗತ್ತೆ. ಇಲ್ಲಾಂದ್ರೆ ಸಬ್ ಖತಮ್" ಎಂದು ಫೋನಿನಲ್ಲಿ ಹೇಳಿದ್ದಳು.

ರಿಂಗ್ ರೋಡಿನಲ್ಲಿ ಆ ಹೊತ್ತಿಗೇ ಲಾರಿಗಳ ಸಾಲು. ಮಳೆ ಬಂದು ಹದಿನೈದು ದಿನವಾಗಿತ್ತು. ಆಕಾಶ ತೊಳೆಯದ ಬಾಣಲೆಯ ಹಾಗೆ ಮೇಲೆ ಕವುಚಿಕೊಂಡಿತ್ತು, ಗಾಳಿಯ ಸುಳಿವಿಲ್ಲ. ಧೌಲಾ ಕುವಾಂ ದಾಟುವಷ್ಟರಲ್ಲಿ ನನ್ನ ಸೀರೆಯ ಬೆನ್ನು ಒದ್ದೆಯಾಗಿತ್ತು. ಹಿಂದಿನಿಂದ ಗಣಪಯ್ಯ, "ಅಕ್ಕಾ, ಈ ಸೆಕೆಗೆ ಚಟ್ನಿ ಹತ್ತು ಗಂಟೆ ಮೇಲೆ ತಡೆಯೂದಿಲ್ಲ, ಬೇಗ ಬಡಿಸಿಬಿಡ್ಬೇಕು" ಎಂದು ಮೂರು ಸಲ ಹೇಳಿದರು. ಗುರುಗ್ರಾಮದ ಗಾಜಿನ ಕಟ್ಟಡಗಳು ಮುಗಿದು ಫರೀದಾಬಾದ್ ರಸ್ತೆ ಹಿಡಿದ ಮೇಲೆ ಒಮ್ಮೆಗೇ ಮನೆಗಳಿಲ್ಲ. ಎರಡೂ ಕಡೆ ಕಲ್ಲು, ಮುಳ್ಳು. ಒಂದು ತಿರುವಿನಲ್ಲಿ ಭಾರೀ ನಾತ ಬಂತು. ನೋಡಿದರೆ ನಗರದ ಕಸ ಸುರಿದು ಸುರಿದು ಎದ್ದ ಗುಡ್ಡ, ಅದರ ಮೇಲೆ ಹದ್ದುಗಳು. ಯಶ್‌ಪಾಲ್ ಕಿಟಕಿ ಏರಿಸಿ, "ಆಂಟೀಜಿ, ಮೂಗು ಮುಚ್ಚಿಕೊಳ್ಳಿ, ಎರಡು ನಿಮಿಷ" ಅಂದ. ಎರಡು ನಿಮಿಷದಲ್ಲಿ ಅದು ಮುಗಿಯಲಿಲ್ಲ.

ರಸ್ತೆಯ ಬದಿಯ ಮುಳ್ಳುಮರಗಳ ಗುರುತು ನನಗೆ ಹತ್ತಿತು. ಊರಿಗೆ ಹೋಗುವಾಗ ರೈಲಿನ ಕಿಟಕಿಯಲ್ಲಿ ಇವನ್ನು ಕಂಡು ಹೆಸರು ಕೇಳಿದ್ದೆ. ಬಳ್ಳಾರಿ ಜಾಲಿ. ಇಲ್ಲಿಯವರು ವಿಲಾಯ್ತಿ ಕೀಕರ್ ಅನ್ನುವುದು ಅದನ್ನೇ.

ಏಳಕ್ಕೆ ಹತ್ತು ನಿಮಿಷವಿರುವಾಗ ಮುಟ್ಟಿದೆವು. ತಂತಿಬೇಲಿ, ಕಬ್ಬಿಣದ ಗೇಟು, ಕಾವಲುಗಾರ. ಒಳಗೆ ಗುಡ್ಡದ ಬುಡದಲ್ಲಿ ಶಾಮಿಯಾನ, ಬ್ಯಾನರು, ಸಾಲಾಗಿ ಇಟ್ಟ ಗಿಡದ ಚೀಲಗಳು. ನಾನು ಕಾಡು ಎಂದುಕೊಂಡು ಹೋಗಿದ್ದೆ. ಕಂಡದ್ದು ಕ್ಷೌರ ಮಾಡಿದ ತಲೆಯಂತಹ ಗುಡ್ಡ, ಕೆಂಪು ಮಣ್ಣು, ಬಿಳಿ ಕಲ್ಲು, ಅಲ್ಲಲ್ಲಿ ಹಸಿರು ಚುಕ್ಕೆ. ಗೇಟಿನ ಎಡಕ್ಕೆ ಕಡಿದ ಜಾಲಿಯ ದೊಡ್ಡ ರಾಶಿ, ಒಂದು ಆಳಿಗಿಂತ ಎತ್ತರ.

ಸ್ಮಿತಾ ಟೋಪಿ ಹಾಕಿಕೊಂಡು, ಕೊರಳಿಗೆ ಸೀಟಿ ಕಟ್ಟಿಕೊಂಡು ಓಡಿ ಬಂದಳು. ಅವಳ ಅಂಗೈ ಹಿಡಿದರೆ ಒರಟು, ಮುಳ್ಳು ತಾಗಿದ ಗೀರು.

"ಬಾ ಅಮ್ಮ. ನೀನು ಬರ್ತೀಯ ಅಂತ ಪಪ್ಪ ಹೇಳಿದಾಗ ಐ ವಾಸ್ ಸೋ ಹ್ಯಾಪಿ." ಆಮೇಲೆ ದನಿ ಇಳಿಸಿ, "ಒಂದು ರಿಕ್ವೆಸ್ಟ್. ಎಲ್ರ ಮುಂದೆ ಪುಟ್ಟಿ ಅಂತ ಕರೀಬೇಡ, ಪ್ಲೀಸ್" ಅಂದಳು.

"ಮೇಡಂ ಅಂತ ಕರೀಲಾ?"

"ಕರಿ, ಚಲೇಗಾ" ಎಂದು ನಕ್ಕು ಓಡಿದಳು. ಆ ದಿನ ಅವಳು ನಕ್ಕದ್ದನ್ನು ನಾನು ಎರಡು ಸಲ ಕಂಡೆ. ಅದು ಮೊದಲನೆಯದು.

ಎಂಟಕ್ಕೆ ಮೂರು ಬಸ್ಸುಗಳು ಬಂದವು. ನೂರಹತ್ತು ಜನ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಹೊಸ ಕೈಗವಸು. ಒಳ್ಳೆಯ ಜನ, ಹೆಚ್ಚಿನವರು ನಿದ್ದೆ ಕೆಟ್ಟ ಮುಖದವರು. ಇಡ್ಲಿ ತಿಂದು "ಆಂಟೀಜಿ, ಥೋಡಾ ಸಾಂಬಾರ್ ಔರ್" ಎಂದು ಎರಡೆರಡು ಸಲ ಬಂದರು. ಗುಂಡಿಗಳನ್ನು ಕೂಲಿಯವರು ಮೊದಲೇ ತೋಡಿಟ್ಟಿದ್ದರು. ಇವರು ಗಿಡ ಇಟ್ಟು, ಮಣ್ಣು ಎಳೆದು, ಮಗ್ಗಿನಲ್ಲಿ ನೀರು ಹೊಯ್ದು, ಅದರ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳಬೇಕು. ಕೆಲವರು ಮಾತ್ರ ಗುದ್ದಲಿ ಹಿಡಿದು ಜಾಲಿಯ ಬೊಡ್ಡೆ ಕೀಳಲು ಹೊರಟರು. ಬೇರು ಎಷ್ಟು ಆಳ ಹೋಗಿತ್ತೆಂದರೆ, ಐದು ಜನ ಗಂಡಸರು ಅರ್ಧ ಗಂಟೆ ಹೆಣಗಿ ಒಂದನ್ನು ಕಿತ್ತರು.

ಪಾತ್ರೆ ತೊಳೆಯಲು ಕಾವಲುಗಾರ ಊರಿನಿಂದ ಒಬ್ಬ ಹೆಂಗಸನ್ನು ಕರೆಸಿದ್ದ. ಹೆಸರು ಅಂಗೂರಿ. ವಯಸ್ಸು ಅರವತ್ತರ ಮೇಲೆ, ನೆಟ್ಟಗಿನ ಬೆನ್ನು, ತಲೆಯ ಮೇಲೆ ಹೊದ್ದ ಹಳದಿ ಓಢ್ನಿ. ಅವಳ ಹಿಂದಿ ಹರಿಯಾಣದ್ದು, ನನ್ನದು ಹೋಟೆಲಿನದು. ಆದರೂ ಮಾತು ಹೊಂದಿತು. ಅವಳು ಬೂದಿ ಕೇಳಿದಳು, ನಾನು ಸೋಪಿನ ಪುಡಿ ಕೊಟ್ಟೆ. "ಇದರಲ್ಲಿ ಎಣ್ಣೆ ಹೋಗುತ್ತದೆ, ವಾಸನೆ ಹೋಗುವುದಿಲ್ಲ" ಎಂದಳು. ನಮ್ಮ ಅತ್ತೆಯೂ ಹಾಗೇ ಹೇಳುತ್ತಿದ್ದರು.

ನಾನೇ ಕೇಳಿದೆ, ಈ ಗುಡ್ಡ ನಿಮ್ಮೂರಿನದಾ ಎಂದು.

"ಊರಿನದೇ ಆಗಿತ್ತು" ಅಂದಳು. "ನನ್ನ ಹನ್ನೊಂದು ಆಡು ಇಲ್ಲೇ ಮೇಯುತ್ತಿದ್ದವು. ಬೇಲಿ ಬಂತು, ಆಡು ಮಾರಿದೆ. ಸೌದೆಯೂ ಇಲ್ಲೇ ಸಿಗುತ್ತಿತ್ತು. ಈಗ ಆ ಕಡೆ, ದೊಡ್ಡ ರಸ್ತೆ ದಾಟಿ ಹೋಗಬೇಕು."

"ಗ್ಯಾಸ್ ಇಲ್ವಾ?"

"ಸಿಲಿಂಡರ್ ಇದೆ. ಹಬ್ಬಕ್ಕೆ ಹಚ್ಚುತ್ತೇವೆ." ಅವಳು ಕ್ಯಾನಿನೊಳಗೆ ತೋಳು ತೂರಿಸಿ ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ. "ಚಳಿಗಾಲದಲ್ಲಿ ಸೊಸೆ ಸೌದೆ ಹೊತ್ತು ರಸ್ತೆ ದಾಟುತ್ತಿದ್ದಳು. ಮಂಜು ಕವಿದಿತ್ತು. ಡಂಪರ್ ಲಾರಿ ಹೊಡೆಯಿತು. ಕಾಲು ಎರಡು ಕಡೆ ಮುರಿದಿದೆ. ಈಗಲೂ ಮಂಚದ ಮೇಲೇ ಇದ್ದಾಳೆ."

ನಾನು ಒಂದು ತಟ್ಟೆಯಲ್ಲಿ ನಾಲ್ಕು ಇಡ್ಲಿ ಹಾಕಿ ಕೊಟ್ಟೆ. ಆಮೇಲೆ ತಿನ್ನುತ್ತೇನೆ ಎಂದು ಅವಳು ಅದನ್ನು ಮುಚ್ಚಿಟ್ಟಳು.

ಹತ್ತೂವರೆಗೆ ಸ್ಮಿತಾ ಬಂದು, "ಅಮ್ಮ, ಐದು ನಿಮಿಷ ಇದೆ, ಬಾ, ಒಂದು ತೋರಿಸ್ತೀನಿ" ಎಂದು ಕೈ ಹಿಡಿದು ಗುಡ್ಡ ಹತ್ತಿಸಿದಳು. ದಾರಿಯಲ್ಲಿ ಹೋದ ವರ್ಷ ನೆಟ್ಟ ಗಿಡಗಳಿದ್ದವು. ಅರ್ಧಕ್ಕರ್ಧ ಒಣ ಕಡ್ಡಿ, ಕಡ್ಡಿಯ ಪಕ್ಕ ನೆಟ್ಟವರ ಹೆಸರಿನ ಚೀಟಿ. ನಾನು ನೋಡಿದ್ದನ್ನು ಅವಳು ನೋಡಿದಳು. "ಟ್ಯಾಂಕರ್ ವಾರಕ್ಕೆ ಒಂದೇ ಸಲ ಬರತ್ತೆ" ಅಂದಳು. ಮೇಲೆ ಬಂಡೆಯ ಸಂದಿಯಲ್ಲಿ ಮೊಣಕಾಲೂರಿ ಕೂತು ಒಂದು ಪೊದೆ ತೋರಿಸಿದಳು. ಮೊಣಕಾಲೆತ್ತರ, ಸಣ್ಣ ಸಣ್ಣ ಎಲೆ, ತೆಳ್ಳಗೆ ಬಾಗಿದ ರೆಂಬೆ.

"ಇದು ಧೌ. ಇದನ್ನ ಯಾರೂ ನೆಟ್ಟಿಲ್ಲ ಅಮ್ಮ. ಬೇರು ಕೆಳಗೇ ಇತ್ತು. ಎಷ್ಟು ವರ್ಷ ಇತ್ತೋ ಏನೋ, ಕೀಕರ್ ಕೆಳಗೆ. ಅದನ್ನ ತೆಗೆದ ಮೇಲೆ ತಾನೇ ಚಿಗುರಿದೆ. ಮೊದಲು ಇಡೀ ಗುಡ್ಡ ಇದೇ ಇತ್ತು. ನಾನು ಕೌಂಟ್ ಮಾಡ್ದೆ, ಇಂಥವು ನಲವತ್ತಾರು ಇವೆ."

ಎಲೆಯನ್ನು ಬೆರಳ ತುದಿಯಲ್ಲಿ ಮುಟ್ಟಿ ನಕ್ಕಳು. ಅದು ಎರಡನೆಯದು. ಸಣ್ಣವಳಿದ್ದಾಗ ಹೋಟೆಲಿನ ಹಿಂದೆ ಬೆಕ್ಕು ಮರಿ ಹಾಕಿದ್ದನ್ನು ತೋರಿಸಲು ಹೀಗೇ ಕೈ ಹಿಡಿದು ಎಳೆದುಕೊಂಡು ಹೋಗಿದ್ದಳು. ಇವಳ ಕೆಲಸ ಫೋಟೋದ ಕೆಲಸವಲ್ಲ ಎಂದು ನನಗೆ ಆಗ ಮನಸ್ಸಿಗೆ ಬಂತು. ಅಂಗೂರಿಯ ಸೊಸೆಯ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗೆ ಬಿಳಿ ಕಾರು ಬಂದು ನಿಂತಿತು. ಡೈರೆಕ್ಟರು. ಸ್ಮಿತಾ ಕಲ್ಲಿಂದ ಕಲ್ಲಿಗೆ ಹಾರುತ್ತಾ ಇಳಿದಳು.

ನಾನು ನಿಧಾನ ಇಳಿದು ಬಂದಾಗ ಅಂಗೂರಿಯ ಪಾತ್ರೆ ತೊಳೆಯುವುದು ಮುಗಿದಿತ್ತು. ಅವಳು ಜಾಲಿಯ ರಾಶಿಯ ಕಡೆ ನೋಡುತ್ತಿದ್ದಳು. "ಅದರಲ್ಲಿ ಒಂದು ಹೊರೆ ತೆಗೆದುಕೊಳ್ಳಲಾ?" ಎಂದು ಕೇಳಿದಳು. "ಕಾವಲಿನವನನ್ನು ಕೇಳಿದರೆ ಮೇಡಂ ಹೇಳಬೇಕು ಅನ್ನುತ್ತಾನೆ. ಸೋಮವಾರ ಕಂಟ್ರಾಕ್ಟರ್ ಲಾರಿ ಬಂದು ಎಲ್ಲ ಹೊತ್ತುಕೊಂಡು ಹೋಗುತ್ತದೆ."

ಹೇಗಿದ್ದರೂ ಹೊರಗೆ ಹೋಗುವ ಕಟ್ಟಿಗೆ. ಒಂದು ಹೊರೆ. ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

"ತಗೊಳ್ಳಿ. ಮೇಡಂ ನನ್ನ ಮಗಳೇ. ನಾನು ಹೇಳ್ತೇನೆ."

ಹಾಗೆ ಹೇಳುವಾಗ ನನಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇಷ್ಟು ದೊಡ್ಡ ಗುಡ್ಡದಲ್ಲಿ ನನ್ನ ಮಾತು ನಡೆಯುತ್ತದೆ ಎಂಬ ಸಂತೋಷ. ಅಂಗೂರಿ ನನ್ನ ಮುಖವನ್ನು ಒಮ್ಮೆ ಸರಿಯಾಗಿ ನೋಡಿ, ಓಢ್ನಿ ಸೊಂಟಕ್ಕೆ ಬಿಗಿದು ಹೋದಳು.

ಪುಳಿಯೋಗರೆ ಕಲಸುವ ಗಡಿಬಿಡಿಯಲ್ಲಿ ನಾನು ಸ್ಮಿತಾಳಿಗೆ ಹೇಳುವುದನ್ನು ಮರೆತೆ. ಮರೆತೆ ಎಂದರೆ, ಅವಳು ಡೈರೆಕ್ಟರ ಜೊತೆಯಲ್ಲಿದ್ದಳು, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಹನ್ನೆರಡರ ಸುಮಾರಿಗೆ ಎಲ್ಲರನ್ನೂ ಗುಡ್ಡದ ಬುಡದಲ್ಲಿ ಸಾಲಾಗಿ ನಿಲ್ಲಿಸಿದರು. ಮೇಲೆ ಡ್ರೋನು ಜೇನುನೊಣದಂತೆ ಗುಂಯ್‌ಗುಡುತ್ತಿತ್ತು. ಡೈರೆಕ್ಟರು ನಡುವೆ ನಿಂತು ಮಾತಾಡುತ್ತಿದ್ದರು, ಸ್ಮಿತಾ ಅವರ ಪಕ್ಕದಲ್ಲಿ. ಗೇಟಿಗೆ ಹೋಗುವ ದಾರಿ ಅವರ ಮುಂದೆಯೇ. ಆ ದಾರಿಯಲ್ಲಿ ಅಂಗೂರಿ ಬಂದಳು. ತಲೆಯ ಮೇಲೆ ಅವಳಿಗಿಂತ ಉದ್ದದ ಹೊರೆ. ಕತ್ತು ಅಲ್ಲಾಡಿಸದೆ, ಸಮನಾದ ಹೆಜ್ಜೆ ಹಾಕುತ್ತಾ, ಯಾರ ಕಡೆಯೂ ನೋಡದೆ.

ಡೈರೆಕ್ಟರು ಮಾತು ನಿಲ್ಲಿಸಿದರು. ಅವರು ಜೋರು ಮಾಡುವ ಮನುಷ್ಯರಲ್ಲ. ಮೆತ್ತಗೆ ಇಂಗ್ಲಿಷಿನಲ್ಲಿ ಕೇಳಿದರು: "ಸ್ಮಿತಾ, ಇಲ್ಲಿಂದ ಮರ ಹೊರಗೆ ಹೋಗುತ್ತದೆಯೇ? ಆಕೆಗೆ ಅನುಮತಿ ಇದೆಯೇ?"

ನೂರಹತ್ತು ಜನ ತಿರುಗಿ ನೋಡಿದರು.

ಸ್ಮಿತಾ ಎರಡು ಹೆಜ್ಜೆ ಮುಂದೆ ಬಂದಳು. "ಮಾತಾಜಿ, ರುಕಿಯೇ. ಲಕ್ಡೀ ನೀಚೇ ರಖ್ ದೀಜಿಯೇ." ನಿಲ್ಲಿ, ಕಟ್ಟಿಗೆ ಕೆಳಗಿಡಿ ಎಂದು.

ಅಂಗೂರಿ ನಿಂತಳು. ಹೊರೆಯಿದ್ದುದರಿಂದ ತಲೆ ತಿರುಗಿಸಲಾಗದೆ ಇಡೀ ಮೈ ತಿರುಗಿಸಿ, ಗದ್ದದಿಂದ ನಮ್ಮ ಶಾಮಿಯಾನ ತೋರಿಸಿದಳು. "ಉಸನೇ ಕಹಾ ಹೈ. ತೇರೀ ಮಾ ನೇ." ಅವಳೇ ಹೇಳಿದ್ದು, ನಿನ್ನ ಅಮ್ಮ ಎಂದು.

ಸ್ಮಿತಾ ನನ್ನನ್ನು ನೋಡಿದಳು. ನಮ್ಮ ನಡುವೆ ಇಪ್ಪತ್ತು ಹೆಜ್ಜೆ ಇರಬಹುದು. ನನ್ನ ಕೈಯಲ್ಲಿ ಸೌಟು ಇತ್ತು. ಹೌದು, ನಾನೇ ಹೇಳಿದ್ದು ಎನ್ನಲು ಅರ್ಧ ಉಸಿರು ಸಾಕಿತ್ತು. ಅಷ್ಟು ಜನರೆದುರು, ಐದು ವರ್ಷದ ಮಾತು ತೀರ್ಮಾನವಾಗುವ ಆ ಹೊತ್ತಿನಲ್ಲಿ, ಅಡುಗೆಗೆ ಬಂದ ತಾಯಿ ಮಗಳ ಗುಡ್ಡದ ಕಟ್ಟಿಗೆ ದಾನ ಮಾಡಿದಳು ಎಂದಾಗಬಾರದು ಅನ್ನಿಸಿತು. ನಾನು ತಲೆ ತಗ್ಗಿಸಿ ಪುಳಿಯೋಗರೆಗೆ ಸೌಟು ಹಾಕಿದೆ. ನನ್ನ ಪಕ್ಕ ನಿಂತಿದ್ದ ಗಣಪಯ್ಯ "ಅಕ್ಕಾ" ಎಂದರು. ನಾನು ಕೇಳಿಸದವಳ ಹಾಗೆ ಇದ್ದೆ.

"ಯಾರೂ ಹೇಳಿಲ್ಲ" ಎಂದು ಸ್ಮಿತಾ ಹಿಂದಿಯಲ್ಲಿ ಹೇಳಿದ್ದು ಕೇಳಿಸಿತು. "ಕೆಳಗಿಡಿ."

ಕಾವಲುಗಾರ ಬಂದು ಹೊರೆಯನ್ನು ಇಳಿಸಿದ. ಅಂಗೂರಿ ತಲೆಯ ಸಿಂಬಿ ಬಿಚ್ಚಿ, ಆ ಬಟ್ಟೆಯಿಂದ ಮುಖ ಒರೆಸಿಕೊಂಡಳು. ಕೂಗಾಡಲಿಲ್ಲ. "ಪೆಹಲೇ ಬತಾ ದೇತೇ" ಅಂದಳು. ಮೊದಲೇ ಹೇಳಬಹುದಿತ್ತಲ್ಲ ಎಂದು. ಆಮೇಲೆ ಗೇಟಿನತ್ತ ನಡೆದು ಹೋದಳು. ಕೂಲಿ ಕೇಳಲಿಲ್ಲ. ಮುಚ್ಚಿಟ್ಟ ಇಡ್ಲಿ ತಟ್ಟೆಯ ಕಡೆ ತಿರುಗಲೂ ಇಲ್ಲ. ಯಾರೋ ಹೊರೆಯನ್ನು ಕ್ಯಾಮೆರಾಕ್ಕೆ ಕಾಣದ ಹಾಗೆ ಬದಿಗೆ ಎಳೆದರು. ಡೈರೆಕ್ಟರು ಮಾತು ಮುಂದುವರಿಸಿದರು. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಊಟ ಬಡಿಸಿದೆ. ಮೊಸರನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಿಲ್ಲ. ಬಡಿಸುವುದು ಮುಗಿದ ಕೂಡಲೇ ಗಣಪಯ್ಯನವರಿಗೆ ಉಳಿದದ್ದು ನೋಡಿಕೊಳ್ಳಲು ಹೇಳಿ, ಒಂದು ಡಬ್ಬಿಯಲ್ಲಿ ಇಡ್ಲಿ, ಇನ್ನೊಂದರಲ್ಲಿ ಪುಳಿಯೋಗರೆ ತುಂಬಿ, ಅವಳ ಕೂಲಿ ಕೈಯಲ್ಲಿ ಹಿಡಿದು ವ್ಯಾನು ಹತ್ತಿದೆ. ದಾರಿ ಹೇಳಿದವನು ಕಾವಲುಗಾರನೇ. "ಹೋಗಿ ಬನ್ನಿ ಆಂಟೀಜಿ, ನಾನೂ ಅದೇ ಊರಿನವನು, ಸಂಜೆ ಅವಳ ಮುಖ ನೋಡಬೇಕು" ಅಂದ. ಹೊರೆ ಕೊಡಪ್ಪ, ವ್ಯಾನಿನಲ್ಲಿ ಒಯ್ಯುತ್ತೇನೆ ಎಂದೆ. ತಲೆ ಅಲ್ಲಾಡಿಸಿದ. ಈಗ ಎಲ್ಲರೂ ನೋಡಿಬಿಟ್ಟಿದ್ದಾರೆ, ನೌಕರಿ ಹೋಗುತ್ತದೆ ಎಂದ.

ಊರು ಒಂದೂವರೆ ಕಿಲೋಮೀಟರು. ಸಿಮೆಂಟು ಬಳಿಯದ ಇಟ್ಟಿಗೆಯ ಎರಡು ಕೋಣೆ, ಅಂಗಳದಲ್ಲಿ ಎಮ್ಮೆ, ಆಡು ಕಟ್ಟುತ್ತಿದ್ದ ಖಾಲಿ ಗೂಟಗಳ ಸಾಲು. ಸೊಸೆ ಪಿಂಕಿ ಹಗ್ಗದ ಮಂಚದ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಇಪ್ಪತ್ತೈದು ದಾಟಿರಲಾರದು. ಕಾಲಿನ ಹೊರಗೆ ಕಬ್ಬಿಣದ ಸರಳುಗಳ ಚೌಕಟ್ಟು, ಸರಳು ಚರ್ಮದೊಳಗೆ ಹೋದಲ್ಲಿ ಹಳದಿ ಔಷಧ.

ಅಂಗೂರಿ ನನ್ನನ್ನು ಕೂರು ಅನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಕೂಲಿ ತೆಗೆದುಕೊಂಡು ಓಢ್ನಿಯ ಅಂಚಿಗೆ ಕಟ್ಟಿಕೊಂಡಳು.

"ತಪ್ಪು ನನ್ನದು" ಎಂದೆ. "ತಗೊಳ್ಳಿ ಎಂದು ಹೇಳಿದವಳು ನಾನು. ಆಮೇಲೆ ಬಾಯಿ ಬಿಡಲಿಲ್ಲ."

"ಹೂಂ" ಅಂದಳು. "ನಾನು ಕದಿಯುವವಳಲ್ಲ. ನಲವತ್ತು ವರ್ಷ ಆ ಗುಡ್ಡ ಹತ್ತಿ ಇಳಿದಿದ್ದೇನೆ. ಇವತ್ತು ಅಷ್ಟು ಜನ ನನ್ನನ್ನು ಕಳ್ಳಿಯ ಹಾಗೆ ನೋಡಿದರು" ಎಂದಳು.

ನಾನು ಕೈ ಮುಗಿದೆ. ಅವಳು ಆ ಕೈಗಳನ್ನು ನೋಡಿ ಮುಖ ತಿರುಗಿಸಿದಳು.

ಪಿಂಕಿ ಚಾಕು ಕೆಳಗಿಟ್ಟು ಕೇಳಿದಳು, "ಸ್ಮಿತಾ ದೀದಿಯ ಅಮ್ಮನಾ ನೀವು?"

"ಹೌದು. ನಿನಗೆ ಗೊತ್ತಾ ಅವಳು?"

"ಆಸ್ಪತ್ರೆಗೆ ಬಂದಿದ್ದರು. ಎರಡು ಸಲ. ಊರ ಕಡೆಯಿಂದ ಒಂದು ಗೇಟ್ ಮಾಡಿಸುತ್ತೇನೆ, ವಾರಕ್ಕೆ ಎರಡು ದಿನ ಒಣ ಕಟ್ಟಿಗೆ ತರಬಹುದು, ರಸ್ತೆ ದಾಟುವುದು ಬೇಡ ಅಂದಿದ್ದರು." ಅವಳ ದನಿಯಲ್ಲಿ ದೂರು ಇರಲಿಲ್ಲ. ಯಾವಾಗ ಆಗಬಹುದು ಎಂದು ತಿಳಿದುಕೊಳ್ಳುವ ಆಸೆಯಿತ್ತು. "ಆಗುತ್ತದಾ?"

ನನಗೆ ಗೊತ್ತಿಲ್ಲ ಎಂದೆ. ಅಂಗೂರಿ ಡಬ್ಬಿಗಳನ್ನು ಒಳಗೆ ಒಯ್ದು ಖಾಲಿ ಮಾಡಿ, ತೊಳೆದು, ಒರೆಸಿ ತಂದು ಕೊಟ್ಟಳು. "ಮೊಮ್ಮಗ ತಿನ್ನುತ್ತಾನೆ" ಎಂದಳು. ತಾನು ತಿನ್ನುತ್ತೇನೆ ಎನ್ನಲಿಲ್ಲ.

ಮೂರು ಗಂಟೆಗೆ ಬಸ್ಸುಗಳು ಹೊರಟವು. ಸ್ಮಿತಾ ಅಮ್ಮನ ಜೊತೆ ಬರುತ್ತೇನೆ ಎಂದು ಹೇಳಿ ನಮ್ಮ ವ್ಯಾನು ಹತ್ತಿದಳು. ಅವಳನ್ನು ಇಂದಿರಾಪುರಂನಲ್ಲಿ ಇಳಿಸಿ ನಾವು ಮನೆಗೆ ಹೋಗುವುದು ಎಂದಾಯಿತು. ಫರೀದಾಬಾದ್ ಮೇಲಿಂದ ಸುತ್ತು ದಾರಿ. ಗಣಪಯ್ಯ ಹಿಂದೆ ಪಾತ್ರೆಗಳ ನಡುವೆ ನಿದ್ದೆ ಹೋದರು, ಅಥವಾ ಹೋದವರ ಹಾಗೆ ಇದ್ದರು. ಯಶ್‌ಪಾಲನಿಗೆ ಕನ್ನಡ ಬಾರದು. ಮುಂದಿನ ಸೀಟಿನಲ್ಲಿ ನಾವಿಬ್ಬರೂ ಒತ್ತಿಕೊಂಡು ಕೂತಿದ್ದೆವು. ಅವಳ ಮೈಯಿಂದ ಮಣ್ಣಿನ, ಬೆವರಿನ ವಾಸನೆ. ಫರೀದಾಬಾದಿನ ಕಾರ್ಖಾನೆಗಳು ಮುಗಿದವು.

ನಾನೇ, "ಅವರ ಮನೆಗೆ ಹೋಗಿದ್ದೆ" ಅಂದೆ.

"ಗೊತ್ತು. ಗಾರ್ಡ್ ಹೇಳಿದ."

"ಆ ಹುಡುಗಿಯ ಕಾಲು ನೋಡಿದೆ. ಗೇಟು ಯಾವಾಗ ಅಂತ ಕೇಳ್ತಾಳೆ."

ಅವಳು ಹೊರಗೆ ನೋಡುತ್ತಲೇ ಹೇಳಿದಳು. "ಆಫೀಸಿಗೆ ಮೂರು ಸಲ ಬರೆದೆ ಅಮ್ಮ. ಗೇಟ್ ಇಟ್ರೆ ಆಡು ಬರ್ತವೆ, ಆಡು ಬಂದ್ರೆ ಗಿಡ ಹೋಗ್ತವೆ ಅಂತಾರೆ. ಅದೂ ಸುಳ್ಳಲ್ಲ. ಧೌ ಚಿಗುರನ್ನ ಆಡು ಬಿಡಲ್ಲ. ಆದ್ರೆ ಟೈಮ್ ಫಿಕ್ಸ್ ಮಾಡಬಹುದು, ಒಬ್ಬ ಗಾರ್ಡ್ ಇಡಬಹುದು... ಲೆಟ್ ದ ರಿನ್ಯೂವಲ್ ಕಮ್, ಆಮೇಲೆ ನೋಡೋಣ ಅಂದ್ರು."

"ಬಂತಾ ಅದು?"

"ಬಂತು. ಕಾರು ಹತ್ತೋವಾಗ ಹೇಳಿದ್ರು. ಐದು ವರ್ಷ."

"ಮತ್ತೆ ಗೇಟು?"

"ಇವತ್ತು ಆ ಹೊರೆ ನೋಡಿದ್ರಲ್ಲ. ಬೇಲಿ ಇನ್ನೂ ಎತ್ತರ ಮಾಡ್ಸಿ ಅಂದ್ರು."

ಹೊರಗೆ ಯಮುನೆ ಬಂತು. ಕಾಲಿಂದಿ ಕುಂಜ್‌ನ ಸೇತುವೆಯ ಮೇಲೆ ವಾಹನಗಳು ನಿಂತು ನಿಂತು ಹೋಗುತ್ತಿದ್ದವು. ನೀರಿನ ಮೇಲೆ ನೊರೆ ತೇಲುತ್ತಿತ್ತು. ನನ್ನ ಒಂದು ಉಪಕಾರದ ಮಾತಿನಿಂದ ಏನಾಯಿತು ಎಂಬುದು ನನಗೆ ಆ ಸೇತುವೆಯ ಮೇಲೆ ಪೂರ್ತಿ ಅರ್ಥವಾಯಿತು. ಅಳು ಬಂತು. ಮಗಳ ಮುಂದೆ ಅಳುವ ಹಕ್ಕು ಇಲ್ಲ ಎನ್ನಿಸಿ ಸೆರಗಿನಲ್ಲಿ ಮುಖದ ಬೆವರು ಒರೆಸಿದ ಹಾಗೆ ಮಾಡಿದೆ.

ನೋಯ್ಡಾ ದಾಟಿ ಇಂದಿರಾಪುರಂ ಮುಟ್ಟುವಾಗ ಐದೂವರೆ. ಅವಳ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನೆದುರು ಯಶ್‌ಪಾಲ್ ಗಾಡಿ ನಿಲ್ಲಿಸಿದ. ಮೇಲೆ ಬಾ, ಚಹಾ ಕುಡಿದು ಹೋಗು ಎಂದು ಯಾವತ್ತೂ ಕರೆಯುವವಳು ಆ ದಿನ ಕರೆಯಲಿಲ್ಲ. ಇಳಿದು, ಬಾಗಿಲಿಗೆ ಕೈ ಕೊಟ್ಟು ನಿಂತಳು.

"ಅಮ್ಮ, ಒಂದು ಮಾತು ಕೇಳ್ಲಾ? ಅಲ್ಲಿ ನಾನು ನಿನ್ನ ಕಡೆ ಯಾಕೆ ನೋಡಿದೆ ಅಂತ ತಿಳ್ಕೊಂಡೆ?"

"ಕೋಪದಿಂದ."

"ಇಲ್ಲ. ನೀನು ಹೂಂ ಅನ್ನಲಿ ಅಂತ ನೋಡಿದೆ. ನೀನು ಹೂಂ ಅಂದಿದ್ರೆ, ಹೌದು, ನಮ್ಮಮ್ಮನೇ ಹೇಳಿದ್ದು, ನಾನೇ ಕೊಡಿಸ್ತಿದ್ದೀನಿ ಅಂತ ಹೇಳ್ತಿದ್ದೆ. ಒಬ್ಳೇ ಹೇಳೋಕೆ ನನಗೆ ಧೈರ್ಯ ಬರ್ಲಿಲ್ಲ. ನೀನು ತಲೆ ಬಗ್ಗಿಸಿದೆ."

"ನಿನಗೋಸ್ಕರ ಸುಮ್ಮನಾದೆ, ಪುಟ್ಟಿ."

"ಗೊತ್ತಮ್ಮ" ಅಂದಳು. "ನಾನೂ ಆ ಗುಡ್ಡಕ್ಕೋಸ್ಕರ ಅಂದ್ಕೊಂಡೇ ಹಾಗೆ ಮಾಡ್ದೆ."

ಬಾಗಿಲು ಹಾಕಿ ಒಳಗೆ ನಡೆದಳು. ಅವಳ ಬೂಟಿನಿಂದ ಕೆಂಪು ಮಣ್ಣು ತೊಳೆದ ನೆಲದ ಮೇಲೆ ಉದುರುತ್ತಾ ಹೋಯಿತು. ಲಿಫ್ಟಿನ ಕಡೆ ತಿರುಗುವಲ್ಲಿ ಒಮ್ಮೆ ನಿಂತಳು. ಹಿಂದೆ ನೋಡುತ್ತಾಳೆ ಎಂದು ನಾನು ಕಿಟಕಿಯಿಂದ ಕೈ ಹೊರಗೆ ಹಾಕಿದೆ. ಅವಳು ಟೋಪಿ ತೆಗೆದು ತಲೆಕೂದಲು ಕೊಡವಿಕೊಂಡು ಮುಂದೆ ಹೋದಳು.

ಹಿಂದೆ ಒಂದು ಕಾರು ಹಾರನ್ ಹೊಡೆಯಿತು. "ಚಲೇಂ, ಆಂಟೀಜಿ?" ಎಂದು ಯಶ್‌ಪಾಲ್ ಕೇಳಿದ. ನಾನು ಹೊರಗೆ ಹಾಕಿದ್ದ ಕೈಯನ್ನು ಒಳಗೆ ತೆಗೆದುಕೊಂಡೆ. ಅವನು ಗಾಡಿ ತಿರುಗಿಸಿದ.